ಆಲಿಕಲ್ಲು ಬೀಳುವ ಮೊದಲೇ ನಿಮ್ಮ ಪಾಲು ಎಷ್ಟೆಂದು ತಿಳಿದಿರಲಿ

ಟೆಕ್ಸಸ್‌ನಲ್ಲಿ ಮನೆ ಕೊಂಡಿರುವ ನಮ್ಮ ಕನ್ನಡದ ಮಕ್ಕಳೇ, ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸಾಲದ ಬಡ್ಡಿ ಎಷ್ಟು ಎಂದರೆ ನೀವು ದಶಮಾಂಶವನ್ನೂ ಬಿಡದೆ ಹೇಳುತ್ತೀರಿ. ಪಕ್ಕದ ಬೀದಿಯ ಮನೆ ಎಷ್ಟಕ್ಕೆ ಹೋಯಿತು ಎಂಬುದು ನಿಮಗೆ ಗೊತ್ತು. ಮಕ್ಕಳ ಶಾಲೆಯ ರೇಟಿಂಗ್ ಅಂತೂ ಬಾಯಿಪಾಠ. ಆದರೆ ಗಾಳಿ ಮಳೆಗೆ ಮನೆಯ ಸೂರು ಹಾಳಾದರೆ ನಿಮ್ಮ ಕೈಯಿಂದ ಎಷ್ಟು ಹೋಗುತ್ತದೆ ಎಂದು ಕೇಳಿದರೆ, ‘ಒಂದೋ ಎರಡೋ ಪರ್ಸೆಂಟ್ ಇರಬೇಕು ಆಂಟಿ, ಪಾಲಿಸಿ ನೋಡಬೇಕು’ ಎನ್ನುತ್ತೀರಿ. ಆ ಪಾಲಿಸಿ ಎಲ್ಲಿದೆ? ಕ್ಲೋಸಿಂಗ್ ಆದ ವಾರ ಬಂದ ಇಮೇಲ್‌ನಲ್ಲಿ ತೆರೆಯದೆ ಬಿದ್ದಿದೆ. ಪ್ರೀಮಿಯಂ ಎಸ್ಕ್ರೋದಿಂದ ತಾನಾಗಿಯೇ ಹೋಗುತ್ತದೆ, ಹಾಗಾಗಿ ಅದರ ಮುಖ ನೋಡುವ ಪ್ರಸಂಗವೇ ನಿಮಗೆ ಬಂದಿಲ್ಲ.

ಇದು ಬುದ್ಧಿ ಇಲ್ಲದವರು ಮಾಡುವ ತಪ್ಪಲ್ಲ, ಪುರುಸೊತ್ತಿಲ್ಲದವರು ಮಾಡುವ ತಪ್ಪು. ಅದಕ್ಕೇ ಕೂತು ಹೇಳುತ್ತಿದ್ದೇನೆ, ಸ್ವಲ್ಪ ಕಿವಿಗೊಡಿ.

ನಮ್ಮ ಊರುಗಳಲ್ಲಿ ಏಪ್ರಿಲ್ ಮಳೆಯಲ್ಲಿ ಆಲಿಕಲ್ಲು ಬಿದ್ದರೆ ಮಕ್ಕಳಿಗೆ ಹಬ್ಬ. ಹಂಚೋ ತಾರಸಿಯೋ ಅದನ್ನು ತಡೆದುಕೊಳ್ಳುತ್ತಿತ್ತು. ಡಾಲಸ್, ಫೋರ್ಟ್ ವರ್ತ್, ಪ್ಲೇನೋ, ಫ್ರಿಸ್ಕೋ ಕಡೆ ಯುಗಾದಿ ಆಸುಪಾಸಿಗೆ ಶುರುವಾಗುವ ಆಲಿಕಲ್ಲು ಬೇರೆಯೇ ಜಾತಿಯದು. ಇಲ್ಲಿನ ಹವಾಮಾನ ಇಲಾಖೆ ಒಂದು ಇಂಚು ಅಥವಾ ಅದಕ್ಕಿಂತ ದಪ್ಪದ್ದನ್ನು ಮಾತ್ರ ‘ತೀವ್ರ’ ಎಂದು ಲೆಕ್ಕಕ್ಕೆ ಹಿಡಿಯುತ್ತದೆ. ಅದಕ್ಕಿಂತ ಚಿಕ್ಕದು ಇವರಿಗೆ ಲೆಕ್ಕಕ್ಕೇ ಇಲ್ಲ. 1995ರ ಮೇ 5ರಂದು ಫೋರ್ಟ್ ವರ್ತ್‌ನಲ್ಲಿ ಮೇಫೆಸ್ಟ್ ಎಂಬ ಜಾತ್ರೆಗೆ ಸೇರಿದ್ದ ಜನರ ಮೇಲೆ ಸುರಿದ ಆಲಿಕಲ್ಲಿನ ಕಥೆಯನ್ನು ಇಲ್ಲಿನ ಹಳಬರು ಈಗಲೂ ಹೇಳುತ್ತಾರೆ. 2021ರ ಏಪ್ರಿಲ್ 28ರಂದು ಸ್ಯಾನ್ ಆಂಟೋನಿಯೋದ ಪಶ್ಚಿಮಕ್ಕಿರುವ ಹೊಂಡೋ ಎಂಬಲ್ಲಿ ಬಿದ್ದ ಒಂದು ಕಲ್ಲು 6.4 ಇಂಚು ಅಡ್ಡಳತೆಯದು. ಆಗಿನ ಮಟ್ಟಿಗೆ ಈ ರಾಜ್ಯದ ದಾಖಲೆಯೇ ಅದು.

ಇಂಥದ್ದಕ್ಕೆ ಎದುರಾಗಿ ನಿಮ್ಮ ತಲೆ ಮೇಲೆ ಇರುವುದೇನು? ಮರದ ಹಲಗೆ, ಅದರ ಮೇಲೆ ಒಂದು ಪದರ ಫೆಲ್ಟ್, ಅದರ ಮೇಲೆ ಮೊಳೆ ಹೊಡೆದ ಡಾಂಬರಿನ ಶಿಂಗಲ್. ಶಿಂಗಲ್‌ನ ಮೈಮೇಲೆ ಅಂಟಿಸಿರುವ ಒರಟು ಕಲ್ಲಿನ ಪುಡಿ ಇದೆಯಲ್ಲ, ಬಿಸಿಲಿನಿಂದ ಡಾಂಬರನ್ನು ಕಾಯುವುದು ಅದೇ. ಆಲಿಕಲ್ಲು ಬಡಿದ ಜಾಗದಲ್ಲಿ ಪುಡಿ ಉದುರಿ ಕಪ್ಪು ಮಚ್ಚೆ ಬೀಳುತ್ತದೆ. ಅಂದೇ ಸೋರುವುದಿಲ್ಲ. ಆ ಮಚ್ಚೆ ಟೆಕ್ಸಸ್ ಬಿಸಿಲಿಗೆ ಒಣಗಿ, ಬಿರಿದು, ಎಷ್ಟೋ ತಿಂಗಳ ಮೇಲೆ ಒಂದು ದಿನ ನಿಮ್ಮ ಮಲಗುವ ಕೋಣೆಯ ಸೀಲಿಂಗ್‌ನಲ್ಲಿ ಕಂದು ಕಲೆಯಾಗಿ ಕಾಣಿಸಿಕೊಳ್ಳುತ್ತದೆ. ಮಳೆ ಬಿಟ್ಟರೂ ಮರದ ಹನಿ ಬಿಡದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಹತ್ತು ನಿಮಿಷದ ಆಲಿಕಲ್ಲಿಗೆ ಇಪ್ಪತ್ತು ವರ್ಷ ಬಾಳಬೇಕಾದ ಸೂರು ಹೋಗುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಈಗ ವಿಮೆಯ ಮಾತಿಗೆ ಬರೋಣ. ಡಿಡಕ್ಟಿಬಲ್ ಎಂದರೆ ನಷ್ಟದಲ್ಲಿ ನೀವು ಹೊರಬೇಕಾದ ಮೊದಲ ಪಾಲು. ಅದು ಕಳೆದು ಉಳಿದದ್ದನ್ನು ಕಂಪನಿ ಕೊಡುತ್ತದೆ. ಇಷ್ಟು ಎಲ್ಲರಿಗೂ ಗೊತ್ತು, ಕಾರಿನ ವಿಮೆಯಲ್ಲೇ ಕಲಿತಿರುತ್ತೀರಿ. ಕಾರಿಗೆ 500 ಎಂದರೆ 500, 1000 ಎಂದರೆ 1000. ಅದೇ ಅಭ್ಯಾಸದಲ್ಲಿ ಮನೆಯದ್ದನ್ನೂ ಓದಿ ಮೋಸ ಹೋಗುತ್ತೀರಿ. ಟೆಕ್ಸಸ್‌ನಲ್ಲಿ ಗಾಳಿ ಮತ್ತು ಆಲಿಕಲ್ಲಿನ ಡಿಡಕ್ಟಿಬಲ್ ಬಹುತೇಕ ಪರ್ಸೆಂಟ್‌ನಲ್ಲಿ ಇರುತ್ತದೆ. ಸಾಮಾನ್ಯವಾಗಿ ಒಂದು ಅಥವಾ ಎರಡು, ಕೆಲವು ಕಡೆ ಅದಕ್ಕಿಂತ ಹೆಚ್ಚು. ಈ ಎರಡು ಪರ್ಸೆಂಟ್ ಯಾವುದರ ಎರಡು ಪರ್ಸೆಂಟ್? ಎಡವುವುದು ಇಲ್ಲೇ.

ರೂಫ್ ರಿಪೇರಿ ಬಿಲ್ಲಿನದಲ್ಲ. ಮನೆಯ ಮಾರುಕಟ್ಟೆ ಬೆಲೆಯದೂ ಅಲ್ಲ. ಬಾಕಿ ಇರುವ ಸಾಲದ್ದಂತೂ ಅಲ್ಲವೇ ಅಲ್ಲ. ಪಾಲಿಸಿಯಲ್ಲಿ ‘ಕವರೇಜ್ ಎ’ ಅಥವಾ ‘ಡ್ವೆಲಿಂಗ್’ ಎಂದು ಒಂದು ಮೊತ್ತ ಇರುತ್ತದೆ. ಮನೆ ಪೂರ್ತಿ ನೆಲಸಮವಾದರೆ ಮತ್ತೆ ಕಟ್ಟಲು ಕಂಪನಿ ಕೊಡುವ ಗರಿಷ್ಠ ಹಣ ಅದು, ಜಾಗದ ಬೆಲೆ ಅದರಲ್ಲಿ ಸೇರಿಲ್ಲ. ನಿಮ್ಮ ಪರ್ಸೆಂಟ್ ಲೆಕ್ಕವೆಲ್ಲ ಆ ಮೊತ್ತದ ಮೇಲೆ. ಡ್ವೆಲಿಂಗ್ ಮೊತ್ತ 4,50,000 ಡಾಲರ್ ಇದೆ, ಆಲಿಕಲ್ಲಿನ ಡಿಡಕ್ಟಿಬಲ್ ಎರಡು ಪರ್ಸೆಂಟ್ ಇದೆ ಎನ್ನಿ. ರೂಫ್ ಬದಲಿಸಲು 20,000 ಡಾಲರ್ ಬಿಲ್ ಬಂತು. ‘ಇಪ್ಪತ್ತು ಸಾವಿರಕ್ಕೆ ಎರಡು ಪರ್ಸೆಂಟ್, 400 ತಾನೇ’ ಎಂದುಕೊಂಡು ನೀವು ನಿಶ್ಚಿಂತೆಯಿಂದ ಇರುತ್ತೀರಿ. ನಿಜವಾದ ಲೆಕ್ಕ 9,000 ಡಾಲರ್. ಹೆಚ್ಚುಕಡಿಮೆ ಅರ್ಧ ಸೂರು ನಿಮ್ಮದೇ ಖರ್ಚು.

ಇನ್ನೊಂದು ಸೂಕ್ಷ್ಮ ಇದೆ. ಪ್ರತಿ ವರ್ಷ ಪಾಲಿಸಿ ರಿನ್ಯೂ ಆಗುವಾಗ ಕಟ್ಟಡ ಸಾಮಗ್ರಿ, ಕೂಲಿ ಏರಿದೆ ಎಂದು ಕಂಪನಿ ಡ್ವೆಲಿಂಗ್ ಮೊತ್ತವನ್ನು ತಾನೇ ಏರಿಸುತ್ತಾ ಹೋಗುತ್ತದೆ. ಏರಿಸುವುದು ಒಳ್ಳೆಯದೇ, ಇಲ್ಲದಿದ್ದರೆ ಮನೆ ಬೆಂಕಿಗೆ ಆಹುತಿಯಾದರೆ ಮತ್ತೆ ಕಟ್ಟಲು ಹಣ ಸಾಲದು. ಆದರೆ ಅದರ ಜೊತೆಗೆ ನಿಮ್ಮ ಪಾಲೂ ಏರುತ್ತದೆ. ಮನೆ ಕೊಂಡಾಗ 3,00,000 ಇದ್ದ ಮೊತ್ತಕ್ಕೆ ಎರಡು ಪರ್ಸೆಂಟ್ 6,000 ಆಗಿತ್ತು. ಅದು ಇಂದು 4,50,000 ಆಗಿದ್ದರೆ 9,000. ಕಾಗದದಲ್ಲಿ ಅದೇ ‘2%’ ನಿಂತಿದೆ, ನಿಮ್ಮ ಜೇಬಿಗೆ ಮಾತ್ರ 3,000 ಜಾಸ್ತಿ ಕತ್ತರಿ. ಪರ್ಸೆಂಟ್ ಬದಲಾಗಿಲ್ಲ ಎಂದು ಸುಮ್ಮನಿರಬೇಡಿ.

ಇದನ್ನೆಲ್ಲ ತಿಳಿಯಲು ಅರವತ್ತು ಪುಟದ ಪಾಲಿಸಿ ಓದಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ನೀವು ಓದುವುದಿಲ್ಲ. ಮೊದಲಲ್ಲಿ ‘ಡಿಕ್ಲರೇಷನ್ಸ್’ ಎಂಬ ಒಂದೆರಡು ಪುಟ ಇರುತ್ತದೆ, ಅದನ್ನು ಪ್ರಿಂಟ್ ತೆಗೆಯಿರಿ. ಮೇಲೆ ನಿಮ್ಮ ಹೆಸರು, ವಿಳಾಸ, ಸಾಲ ಕೊಟ್ಟವರ ಹೆಸರು. ಅದರ ಕೆಳಗೆ ಕವರೇಜ್‌ಗಳ ಪಟ್ಟಿ, ಮೊದಲ ಸಾಲೇ ಡ್ವೆಲಿಂಗ್. ಇನ್ನೂ ಕೆಳಗೆ ‘ಡಿಡಕ್ಟಿಬಲ್’ ಎಂಬ ಚಿಕ್ಕ ಪಟ್ಟಿ. ಅಲ್ಲಿ ಒಂದೇ ಸಾಲು ಇರುತ್ತದೆ ಎಂದು ತಿಳಿಯಬೇಡಿ. ‘ವಿಂಡ್ ಅಂಡ್ ಹೇಲ್’ ಎಂದು ಒಂದು, ‘ಆಲ್ ಅದರ್ ಪೆರಿಲ್ಸ್’ ಎಂದು ಇನ್ನೊಂದು. ಸಮುದ್ರದ ಕಡೆಯವರಿಗೆ ‘ಹರಿಕೇನ್’ ಅಥವಾ ‘ನೇಮ್ಡ್ ಸ್ಟಾರ್ಮ್’ ಎಂದು ಮೂರನೆಯದೂ ಇರಬಹುದು. ಬೆಂಕಿ, ಕಳ್ಳತನ, ಪೈಪು ಒಡೆದದ್ದಕ್ಕೆ ಅನ್ವಯಿಸುವ ‘ಆಲ್ ಅದರ್’ ಸಾಲು ಕಡಿಮೆ ಇರುವುದನ್ನು ನೋಡಿ, ನಮ್ಮದು ಪರವಾಗಿಲ್ಲ ಎಂದುಕೊಂಡವರು ಬಹಳ ಜನ. ಗಾಳಿ ಆಲಿಕಲ್ಲಿನ ಸಾಲು ಅದರ ಮೇಲೋ ಕೆಳಗೋ ಇರುತ್ತದೆ, ಕಣ್ಣು ಬಿಟ್ಟು ನೋಡಿ. ಪಕ್ಕದಲ್ಲಿ ಡಾಲರ್ ಲೆಕ್ಕ ಕೊಟ್ಟಿಲ್ಲದಿದ್ದರೆ ನೀವೇ ಗುಣಿಸಿ ಪೆನ್ಸಿಲ್‌ನಲ್ಲಿ ಬರೆಯಿರಿ. ಗಂಡನಿಗೆ ಮಾತ್ರ ಗೊತ್ತು, ಹೆಂಡತಿಗೆ ಗೊತ್ತಿಲ್ಲ ಎಂಬಂತೆ ಆಗಬಾರದು; ಇಬ್ಬರಿಗೂ ಬಾಯಿಗೆ ಬರಬೇಕು.

ಯಾವ ಗಾಳಿಗೆ ಯಾವ ಸಾಲು ಎಂಬುದನ್ನು ಹ್ಯೂಸ್ಟನ್‌ನವರು 2024ರಲ್ಲಿ ಒಂದೇ ಬೇಸಿಗೆಯಲ್ಲಿ ಕಲಿತರು. ಮೇ 16ರಂದು ‘ಡೆರೇಚೊ’ ಎನ್ನುವ ನೇರಗಾಳಿಯ ಬಿರುಗಾಳಿ ಊರನ್ನು ಸೀಳಿಕೊಂಡು ಹೋಯಿತು. ಅದಕ್ಕೆ ಹೆಸರಿಲ್ಲ, ಅದು ಚಂಡಮಾರುತವೂ ಅಲ್ಲ. ಹಾಗಾಗಿ ಸಾಮಾನ್ಯ ಗಾಳಿ ಆಲಿಕಲ್ಲಿನ ಡಿಡಕ್ಟಿಬಲ್. ಎರಡು ತಿಂಗಳೂ ಕಳೆದಿರಲಿಲ್ಲ, ಜುಲೈ 8ರಂದು ಬೆರಿಲ್ ಚಂಡಮಾರುತ ಮಟಗೋರ್ಡಾ ಹತ್ತಿರ ದಡ ಹತ್ತಿ ಅದೇ ಊರಿನ ಮೇಲೆ ಬಂತು. ಪಾಲಿಸಿಯಲ್ಲಿ ಹರಿಕೇನ್ ಎಂಬ ಬೇರೆ ಸಾಲು ಇದ್ದವರಿಗೆ ಈಗ ಅದು ಅನ್ವಯ. ಡಿಡಕ್ಟಿಬಲ್ ವರ್ಷಕ್ಕೆ ಒಂದು ಸಲ ಕಟ್ಟಿ ಮುಗಿಸುವ ಲೆಕ್ಕವಲ್ಲ, ಒಂದೊಂದು ಘಟನೆಗೆ ಒಂದೊಂದು ಸಲ. ಆರೋಗ್ಯ ವಿಮೆಯ ಡಿಡಕ್ಟಿಬಲ್ ಜನವರಿಯಿಂದ ಡಿಸೆಂಬರ್‌ವರೆಗೆ ಒಂದೇ ಎಂದು ಗೊತ್ತಿರುವ ನೀವು ಮನೆಗೂ ಅದೇ ನಿಯಮ ಎಂದುಕೊಳ್ಳುತ್ತೀರಿ. ಮೇ ತಿಂಗಳಲ್ಲಿ ಕಟ್ಟಿದ್ದೇನೆ ಎಂದು ಜುಲೈನಲ್ಲಿ ವಾದಿಸಿ ಪ್ರಯೋಜನವಿಲ್ಲ.

ಬೇರೆ ರಾಜ್ಯದಲ್ಲಿರುವ ಬಳಗದವರು ನಿಮ್ಮ ನಿಮ್ಮ ರಾಜ್ಯದ ನಿಯಮ ನೋಡಿಕೊಳ್ಳಿ, ಟೆಕ್ಸಸ್‌ನ ಮಾತು ಹಿಡಿದು ಕೂರಬೇಡಿ. ಫ್ಲಾರಿಡಾದಲ್ಲಿ ಹರಿಕೇನ್ ಡಿಡಕ್ಟಿಬಲ್ ಕ್ಯಾಲೆಂಡರ್ ವರ್ಷಕ್ಕೆ ಒಂದೇ ಸಲ. ರಾಜ್ಯದ ಯಾವ ಭಾಗಕ್ಕಾದರೂ ಚಂಡಮಾರುತದ ಎಚ್ಚರಿಕೆ ಹೊರಟಾಗ ಅದು ಜಾರಿಗೆ ಬಂದು, ಕೊನೆಯ ಎಚ್ಚರಿಕೆ ಹಿಂಪಡೆದ 72 ಗಂಟೆಗಳ ನಂತರ ಮುಗಿಯುತ್ತದೆ. ಇಂಥ ಪ್ರತ್ಯೇಕ ಡಿಡಕ್ಟಿಬಲ್ ಇರುವುದು 19 ರಾಜ್ಯಗಳಲ್ಲಿ ಮತ್ತು ವಾಷಿಂಗ್ಟನ್ ಡಿ.ಸಿ.ಯಲ್ಲಿ. 1992ರಲ್ಲಿ ಆಂಡ್ರೂ ಚಂಡಮಾರುತ ಫ್ಲಾರಿಡಾದ ವಿಮಾ ಕಂಪನಿಗಳನ್ನು ನೆಲಕ್ಕೆ ಕೆಡವಿದ ಮೇಲೆ ಕಂಪನಿಗಳು ಕಲಿತ ಪಾಠ ಇದು. ನ್ಯೂಜೆರ್ಸಿಯವರು 2012ರ ಸ್ಯಾಂಡಿಯನ್ನು ಮರೆತಿರಲಾರರು. ದಡ ಸೇರುವ ಹೊತ್ತಿಗೆ ಅದು ತಾಂತ್ರಿಕವಾಗಿ ಚಂಡಮಾರುತವಾಗಿ ಉಳಿದಿರಲಿಲ್ಲ, ಆದ್ದರಿಂದ ದೊಡ್ಡ ಡಿಡಕ್ಟಿಬಲ್ ಹಾಕುವಂತಿಲ್ಲ ಎಂದು ಸರ್ಕಾರವೇ ಕಂಪನಿಗಳಿಗೆ ಹೇಳಬೇಕಾಯಿತು. ಹವಾಮಾನ ಇಲಾಖೆಯ ಒಂದು ಪದದ ಮೇಲೆ ಜನರ ಸಾವಿರಾರು ಡಾಲರ್ ನಿಂತಿತ್ತು.

ಟೆಕ್ಸಸ್ ಕಡಲ ತೀರದ 14 ಕೌಂಟಿಗಳಲ್ಲಿ ಮನೆ ಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಅಲ್ಲಿ ಎಷ್ಟೋ ಪಾಲಿಸಿಗಳಲ್ಲಿ ಗಾಳಿ, ಆಲಿಕಲ್ಲು ಸೇರಿಯೇ ಇರುವುದಿಲ್ಲ. ‘ಟೆಕ್ಸಸ್ ವಿಂಡ್‌ಸ್ಟಾರ್ಮ್ ಇನ್ಶೂರೆನ್ಸ್ ಅಸೋಸಿಯೇಷನ್’ ಎಂಬಲ್ಲಿ ಬೇರೆಯಾಗಿ ಮಾಡಿಸಬೇಕು. ನೆರೆ ನೀರು ಮನೆಗೆ ನುಗ್ಗಿದರೆ ಎಲ್ಲಿದ್ದರೂ ಮಾಮೂಲಿ ಮನೆ ಪಾಲಿಸಿ ಕೊಡುವುದಿಲ್ಲ, ಅದಕ್ಕೆ ಫ್ಲಡ್ ಪಾಲಿಸಿಯೇ ಬೇಕು. ಕೇಂದ್ರ ಸರ್ಕಾರದ ಫ್ಲಡ್ ಯೋಜನೆ ಸಾಮಾನ್ಯವಾಗಿ ಜಾರಿಗೆ ಬರುವುದು 30 ದಿನ ಕಳೆದ ಮೇಲೆ.

ಡಿಡಕ್ಟಿಬಲ್‌ನಷ್ಟೇ, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚಾಗಿ ನಿಮ್ಮನ್ನು ಮಲಗಿಸುವ ಇನ್ನೊಂದು ಸಾಲಿದೆ. ನಷ್ಟವನ್ನು ‘ರಿಪ್ಲೇಸ್‌ಮೆಂಟ್ ಕಾಸ್ಟ್’ ಲೆಕ್ಕದಲ್ಲಿ ಕೊಡುತ್ತಾರೋ ‘ಆಕ್ಚುಯಲ್ ಕ್ಯಾಷ್ ವ್ಯಾಲ್ಯೂ’ ಲೆಕ್ಕದಲ್ಲೋ ಎಂಬುದು. ಮೊದಲನೆಯದರಲ್ಲಿ ಹೊಸ ಸೂರಿನ ಬೆಲೆ ಸಿಗುತ್ತದೆ. ಎರಡನೆಯದರಲ್ಲಿ ಹಳೆಯದಾದಷ್ಟೂ ಸವಕಳಿ ಕಳೆದು ಕೊಡುತ್ತಾರೆ. ಅದೇ 20,000 ಡಾಲರ್ ಸೂರನ್ನು ತೆಗೆದುಕೊಳ್ಳಿ. ಹನ್ನೆರಡು ವರ್ಷ ಹಳೆಯದು, 7,000 ಸವಕಳಿ ಹಿಡಿದರು ಎನ್ನೋಣ. ಇಪ್ಪತ್ತರಿಂದ ಏಳು ಕಳೆಯಿರಿ, ಹದಿಮೂರು. ಅದರಿಂದ ನಿಮ್ಮ ಡಿಡಕ್ಟಿಬಲ್ ಒಂಬತ್ತು ಕಳೆಯಿರಿ, ನಾಲ್ಕು. ಕೈಗೆ ಬರುವ ಮೊದಲ ಚೆಕ್ 4,000 ಡಾಲರ್. ಚೆಕ್ ನೋಡಿ ಕಂಪನಿಯವರಿಗೆ ಶಾಪ ಹಾಕುವ ಮುಂಚೆ ಸ್ವಲ್ಪ ತಾಳಿ. ನಿಮ್ಮದು ರಿಪ್ಲೇಸ್‌ಮೆಂಟ್ ಪಾಲಿಸಿಯಾಗಿದ್ದರೆ ಕೆಲಸ ಮುಗಿಸಿ, ಬಿಲ್ಲು ಕಳಿಸಿದ ಮೇಲೆ ಹಿಡಿದಿಟ್ಟ 7,000 ಬರುತ್ತದೆ. ಅದಕ್ಕೂ ಗಡುವಿದೆ, ಪಾಲಿಸಿಯಲ್ಲಿ ನೋಡಿ ಗೋಡೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಕೆಲಸ ಅರ್ಧಕ್ಕೆ ಬಿಟ್ಟು ಮರೆತು ಆ ಹಣ ಕಳೆದುಕೊಂಡವರಿದ್ದಾರೆ. ಕ್ಯಾಷ್ ವ್ಯಾಲ್ಯೂ ಪಾಲಿಸಿಯಾಗಿದ್ದರೆ ಅಷ್ಟೇ, ಆ 4,000ಕ್ಕೆ ಕಥೆ ಮುಗಿಯಿತು. ಉಳಿದ 16,000 ನಿಮ್ಮದು.

ಹಳೆಯ ಸೂರುಗಳಿಗೆ ರಿಪ್ಲೇಸ್‌ಮೆಂಟ್ ತೆಗೆದು ಕ್ಯಾಷ್ ವ್ಯಾಲ್ಯೂಗೆ ಇಳಿಸುವುದು, ವಯಸ್ಸಿಗೆ ಇಷ್ಟೆಂದು ಪಟ್ಟಿ ಹಾಕಿ ಕೊಡುವುದು ಈಗ ಸಾಮಾನ್ಯವಾಗಿದೆ. ‘ನಮಗೆ ಹೇಳಲೇ ಇಲ್ಲ’ ಎನ್ನುತ್ತೀರಿ. ನೋಟಿಸ್ ಕಳಿಸಿಯೇ ಇರುತ್ತಾರೆ, ನೀವು ಓದಿರುವುದಿಲ್ಲ. ಕಡಿಮೆ ಪ್ರೀಮಿಯಂ ಸಿಕ್ಕಿತು ಎಂದು ಕಂಪನಿ ಬದಲಿಸಿ ಗೆಳೆಯರಿಗೆಲ್ಲ ಹೇಳಿಕೊಂಡು ಬರುತ್ತೀರಲ್ಲ, ಆಗ ಈ ಸಾಲು ನೋಡಿದ್ದಿರಾ? ಅಗ್ಗದ ಆಸೆಗೆ ಹೋಗಿ ಮುಗ್ಗಿದ ಜೋಳ ತಂದ ಹಾಗೆ ಆಗಬಾರದು. ಎರಡು ಕೋಟ್‌ಗಳನ್ನು ಪಕ್ಕ ಪಕ್ಕ ಇಟ್ಟಾಗ ಪ್ರೀಮಿಯಂ ಒಂದನ್ನೇ ಹೋಲಿಸಬೇಡಿ. ಡ್ವೆಲಿಂಗ್ ಮೊತ್ತ, ಗಾಳಿ ಆಲಿಕಲ್ಲಿನ ಪರ್ಸೆಂಟ್, ಸೂರಿಗೆ ಯಾವ ಲೆಕ್ಕ, ಈ ಮೂರೂ ಸಮನಾಗಿದ್ದರೆ ಮಾತ್ರ ಪ್ರೀಮಿಯಂ ನೋಡಿ. ತಗಡಿನ ಸೂರಿದ್ದರೆ ಇನ್ನೊಂದನ್ನು ಕೇಳಿ: ಬರೀ ನೆಗ್ಗು ಬಿದ್ದು ಸೋರದಿದ್ದರೆ ಕೊಡುವುದಿಲ್ಲ ಎಂಬ ‘ಕಾಸ್ಮೆಟಿಕ್’ ಷರತ್ತು ಇದೆಯೇ ಎಂದು.

ಇಷ್ಟು ತಿಳಿದ ಮೇಲೆ ಕೆಲವರು ಕೇಳುತ್ತೀರಿ, ಎರಡು ಪರ್ಸೆಂಟ್‌ನಿಂದ ಒಂದಕ್ಕೆ ಇಳಿಸಿಕೊಳ್ಳಲೇ ಎಂದು. ಏಜೆಂಟ್ ಹತ್ತಿರ ಎರಡಕ್ಕೂ ಪ್ರೀಮಿಯಂ ಬರೆಸಿಕೊಳ್ಳಿ. ಒಂದು ಪರ್ಸೆಂಟ್‌ಗೆ ವರ್ಷಕ್ಕೆ 500 ಡಾಲರ್ ಹೆಚ್ಚು ಕೇಳಿದರೆ, ಮೇಲಿನ 4,50,000 ಡಾಲರ್ ಮನೆಯ ಲೆಕ್ಕದಲ್ಲಿ ಉಳಿಯುವುದು ಒಂದು ಕ್ಲೇಮ್‌ಗೆ 4,500. ಒಂಬತ್ತು ವರ್ಷಕ್ಕೆ ಸರಿಹೋಗುತ್ತದೆ. ಉತ್ತರ ಟೆಕ್ಸಸ್‌ನಲ್ಲಿ ಒಂಬತ್ತು ವರ್ಷ ಆಲಿಕಲ್ಲಿನ ಪೆಟ್ಟು ಬೀಳದೆ ಸೂರು ಉಳಿದರೆ ಅದೃಷ್ಟ ಎಂದೇ ನನ್ನ ಎಣಿಕೆ. ಅದಕ್ಕೇ ಕೈಯಲ್ಲಿ ಉಳಿತಾಯವಿಲ್ಲದ ಹೊಸ ಸಂಸಾರಕ್ಕೆ ನಾನು ಒಂದು ಪರ್ಸೆಂಟ್ ಎನ್ನುತ್ತೇನೆ. ಹತ್ತು ಸಾವಿರ ಬೇರೆ ತೆಗೆದಿಟ್ಟು ಮುಟ್ಟದೆ ಇರಬಲ್ಲವರು ಎರಡನ್ನೇ ಇಟ್ಟುಕೊಳ್ಳಿ. ಇಟ್ಟುಕೊಂಡರೆ ಆ ಹಣ ನಿಜವಾಗಿಯೂ ಇರಬೇಕು. ಬೇಸಿಗೆ ರಜೆಗೆ ಬೆಂಗಳೂರಿನ ಟಿಕೆಟ್‌ಗೆ ಅದನ್ನೇ ಒಡೆದು, ಮೇ ತಿಂಗಳಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜುವುದಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಿ.

ಸೂರು ಹೇಗೂ ಬದಲಿಸುವುದಾದರೆ ‘ಕ್ಲಾಸ್ 4’ ಶಿಂಗಲ್ ಕೇಳಿ. ಎರಡು ಇಂಚಿನ ಉಕ್ಕಿನ ಗುಂಡನ್ನು 20 ಅಡಿ ಮೇಲಿನಿಂದ ಬೀಳಿಸಿ ಪರೀಕ್ಷೆ ಮಾಡಿರುವ ಮಾಲು ಅದು. ಬೆಲೆ ಸ್ವಲ್ಪ ಹೆಚ್ಚು, ಆದರೆ ಟೆಕ್ಸಸ್‌ನಲ್ಲಿ ಎಷ್ಟೋ ಕಂಪನಿಗಳು ಅದಕ್ಕೆ ಪ್ರೀಮಿಯಂನಲ್ಲಿ ರಿಯಾಯಿತಿ ಕೊಡುತ್ತವೆ. ಎಷ್ಟು ಕೊಡುತ್ತಾರೆ ಎಂದು ಮೊದಲೇ ಏಜೆಂಟ್‌ನಿಂದ ಬರಹದಲ್ಲಿ ಪಡೆಯಿರಿ. ಹಾಕಿಸಿದ ಮೇಲೆ ರೂಫರ್ ಸಹಿ ಮಾಡಿದ ಸರ್ಟಿಫಿಕೇಟ್ ಕಳಿಸಿದರೆ ಮಾತ್ರ ರಿಯಾಯಿತಿ ಬರುತ್ತದೆ. ಅದನ್ನು ಕಳಿಸಲು ಮರೆಯುವವರೇ ಹೆಚ್ಚು.

ಬಿರುಗಾಳಿ ಬಂದು ಹೋಯಿತು ಎನ್ನಿ. ಮಾರನೆಯ ಬೆಳಿಗ್ಗೆ ಏಣಿ ಹಾಕಿಕೊಂಡು ಮೇಲೆ ಹತ್ತಬೇಡಿ. ನೀವು ಸಾಫ್ಟ್‌ವೇರ್ ಎಂಜಿನಿಯರ್, ಒದ್ದೆ ಶಿಂಗಲ್ ಮೇಲೆ ನಡೆದು ಅಭ್ಯಾಸವಿಲ್ಲ. ನೆಲದ ಮೇಲಿಂದಲೇ ಬೇಕಾದಷ್ಟು ಕಾಣುತ್ತದೆ. ಗಟರ್ ನೀರು ಇಳಿಯುವ ಪೈಪಿನ ಬಾಯಲ್ಲಿ ಕಪ್ಪು ಮರಳಿನಂಥ ಪುಡಿ ರಾಶಿ ಬಿದ್ದಿದೆಯೇ ನೋಡಿ, ಅದು ಶಿಂಗಲ್‌ನಿಂದ ಉದುರಿದ್ದು. ಗಟರ್ ಅಂಚಿನಲ್ಲಿ, ಅಂಚೆಡಬ್ಬಿಯ ಮೇಲೆ, ಹೊರಗಿನ ಏಸಿ ಯಂತ್ರದ ತೆಳು ರೆಕ್ಕೆಗಳಲ್ಲಿ ನೆಗ್ಗು ಇದೆಯೇ ನೋಡಿ. ಆಲಿಕಲ್ಲು ಕರಗುವ ಮುಂಚೆ ಅಂಗೈಯಲ್ಲಿ ಒಂದು ನಾಣ್ಯದ ಪಕ್ಕ ಇಟ್ಟು ಫೋಟೋ ತೆಗೆಯಿರಿ, ಮುಂದೆ ತಾರೀಖಿಗೂ ಗಾತ್ರಕ್ಕೂ ಅದೇ ಸಾಕ್ಷಿ. ಮನೆ ಸೋರುತ್ತಿದ್ದರೆ ಕೂಡಲೇ ಟಾರ್ಪಾಲಿನ್ ಹೊದಿಸಿ, ರಸೀದಿ ಇಟ್ಟುಕೊಳ್ಳಿ. ನಷ್ಟ ಹೆಚ್ಚಾಗದಂತೆ ತಡೆಯುವುದು ಪಾಲಿಸಿಯ ಪ್ರಕಾರ ನಿಮ್ಮ ಕರ್ತವ್ಯ. ಆದರೆ ನಷ್ಟ ಅಳೆಯಲು ಕಂಪನಿ ಕಳಿಸುವ ಅಡ್ಜಸ್ಟರ್ ಬಂದು ನೋಡುವ ಮೊದಲು ಪೂರ್ತಿ ರಿಪೇರಿ ಮಾಡಿಸಬೇಡಿ.

ಕ್ಲೇಮ್ ಹಾಕುವುದಕ್ಕೆ ಮೊದಲು ಒಬ್ಬ ನಂಬಿಕಸ್ಥ ಸ್ಥಳೀಯ ರೂಫರ್‌ನಿಂದ ಅಂದಾಜು ಪಡೆಯಿರಿ. ರಿಪೇರಿ 6,000, ನಿಮ್ಮ ಡಿಡಕ್ಟಿಬಲ್ 9,000 ಇದ್ದರೆ ಕ್ಲೇಮ್ ಹಾಕಿ ಸಿಗುವುದು ಸೊನ್ನೆ. ಮೂಗಿಗಿಂತ ಮೂಗುತಿ ಭಾರ. ಸಿಗದಿದ್ದರೂ ಆ ಕ್ಲೇಮ್ ವಿಮಾ ಕಂಪನಿಗಳು ನೋಡುವ ದಾಖಲೆಯಲ್ಲಿ ಏಳು ವರ್ಷ ಉಳಿಯಬಹುದು. ಹಾಗೆಂದು ನಷ್ಟ ದೊಡ್ಡದಿದ್ದರೂ ‘ಆಮೇಲೆ ನೋಡೋಣ’ ಎಂದು ಮುಂದೂಡಬೇಡಿ. ಎಷ್ಟೋ ಪಾಲಿಸಿಗಳಲ್ಲಿ ಗಾಳಿ ಆಲಿಕಲ್ಲಿನ ಕ್ಲೇಮ್‌ಗೆ ಒಂದು ವರ್ಷದ ಗಡುವಿದೆ. ಲಿಖಿತವಾಗಿ ಕ್ಲೇಮ್ ಹಾಕಿದ ಮೇಲೆ ಸಾಮಾನ್ಯವಾಗಿ 15 ದಿನದೊಳಗೆ ಅದನ್ನು ಸ್ವೀಕರಿಸಿ ವಿಚಾರಣೆ ಶುರು ಮಾಡಬೇಕು ಎಂದು ಟೆಕ್ಸಸ್ ಕಾನೂನು ಕಂಪನಿಗೆ ಹೇಳುತ್ತದೆ. ಫೋನಿನಲ್ಲಿ ಮಾತಾಡಿದವರ ಹೆಸರು, ದಿನ, ಹೊತ್ತು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಡ್ಜಸ್ಟರ್ ಬರುವ ದಿನ ನೀವೂ ಮನೆಯಲ್ಲಿರಿ, ಮೀಟಿಂಗ್ ಮುಂದೆ ಹಾಕಿ. ಬರುವ ಚೆಕ್ಕಿನಲ್ಲಿ ಸಾಲ ಕೊಟ್ಟ ಕಂಪನಿಯ ಹೆಸರೂ ಸೇರಿರಬಹುದು. ಅವರ ಸಹಿಗೆ ದಿನ ಹಿಡಿಯುತ್ತದೆ, ಅದನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ರೂಫರ್‌ಗೆ ಹಣದ ಮಾತು ಕೊಡಿ.

ಇನ್ನು ಬಾಗಿಲು ತಟ್ಟುವವರ ವಿಷಯ. ಇದನ್ನು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಆಲಿಕಲ್ಲು ನಿಂತ ಸಂಜೆಯೇ ಪೋಲೋ ಅಂಗಿ ತೊಟ್ಟ ಹುಡುಗರು ಬೀದಿ ಬೀದಿ ತಿರುಗುತ್ತಾರೆ. ಗಾಳಿ ಬಂದಾಗ ತೂರಿಕೊಳ್ಳುವ ಜಾತಿ. ಎಲ್ಲರೂ ಕೆಟ್ಟವರಲ್ಲ, ಆದರೆ ಎಲ್ಲೆಲ್ಲಿಂದಲೋ ಬಂದು ಋತು ಮುಗಿದ ಮೇಲೆ ಕಾಣೆಯಾಗುವವರು ಬಹಳ. ಟೆಕ್ಸಸ್‌ನಲ್ಲಿ ರೂಫರ್‌ಗೆ ರಾಜ್ಯದ ಲೈಸೆನ್ಸೇ ಬೇಕಿಲ್ಲ. ಏಣಿಯೂ ಒಂದು ಟ್ರಕ್ಕೂ ಇದ್ದವರೆಲ್ಲ ರೂಫರ್. ‘ಬರೀ ಇನ್‌ಸ್ಪೆಕ್ಷನ್‌ಗೆ ಒಪ್ಪಿಗೆ’ ಎಂದು ಟ್ಯಾಬ್ಲೆಟ್ ಮುಂದೆ ಹಿಡಿದರೆ ಬೆರಳಾಡಿಸಬೇಡಿ. ಆ ಒಪ್ಪಿಗೆಯ ಕೆಳಗೆ, ಕ್ಲೇಮ್ ಮಂಜೂರಾದರೆ ಕೆಲಸ ಅವರಿಗೇ ಕೊಡಬೇಕು ಎಂಬ ಒಪ್ಪಂದ ಇರಬಹುದು. ‘ಕಂಪನಿ ಜೊತೆ ನಿಮ್ಮ ಪರವಾಗಿ ನಾವೇ ಮಾತಾಡಿ ಕ್ಲೇಮ್ ಗೆಲ್ಲಿಸುತ್ತೇವೆ’ ಎಂದರೆ ಅದೂ ತಪ್ಪು. ಆ ಕೆಲಸಕ್ಕೆ ಲೈಸೆನ್ಸ್ ಇರುವ ಪಬ್ಲಿಕ್ ಅಡ್ಜಸ್ಟರ್‌ಗಳಿದ್ದಾರೆ, ಅವರ ಫೀಸೂ ಕ್ಲೇಮ್‌ನ ಹತ್ತು ಪರ್ಸೆಂಟ್ ದಾಟುವಂತಿಲ್ಲ. ಸೂರು ಹಾಕುವವನೇ ಅಡ್ಜಸ್ಟರ್ ಆಗಲು ಇಲ್ಲಿನ ಕಾನೂನು ಬಿಡುವುದಿಲ್ಲ.

ಎಲ್ಲಕ್ಕಿಂತ ಸಿಹಿಯಾದ ಮಾತು ಒಂದಿದೆ: ‘ನಿಮ್ಮ ಡಿಡಕ್ಟಿಬಲ್ ನಾವು ನೋಡಿಕೊಳ್ಳುತ್ತೇವೆ, ಕೈಯಿಂದ ಒಂದು ಡಾಲರೂ ಬೇಡ’. ಬೆಳ್ಳಗಿರುವುದೆಲ್ಲ ಹಾಲಲ್ಲ. 2019ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಡಿಡಕ್ಟಿಬಲ್ ಅನ್ನು ನೀವು ಕಟ್ಟಲೇಬೇಕು. ಬಿಟ್ಟುಕೊಡುತ್ತೇನೆ ಎನ್ನುವ ಕಾಂಟ್ರ್ಯಾಕ್ಟರ್‌ಗೆ 2,000 ಡಾಲರ್‌ವರೆಗೆ ದಂಡ, 180 ದಿನದವರೆಗೆ ಜೈಲು. ನೀವು ಕಟ್ಟಿದ್ದಕ್ಕೆ ಪುರಾವೆ ಕೊಡಿ ಎಂದು ಕಂಪನಿ ಕೇಳಬಹುದು. ಪುರಾವೆ ಇಲ್ಲದಿದ್ದರೆ ಹಿಡಿದಿಟ್ಟ ಸವಕಳಿಯ ಹಣ ಕೊಡದೆ ಇರಬಹುದು. ಚೆಕ್ಕಿನ ಪ್ರತಿ, ಕಾರ್ಡ್ ಸ್ಟೇಟ್‌ಮೆಂಟ್, ಕಂತಿನ ಒಪ್ಪಂದ, ಇವೆಲ್ಲ ನಡೆಯುತ್ತವೆ. ಕಂತು ಎಂಬುದನ್ನು ಗಮನಿಸಿದಿರಾ? ಒಟ್ಟಿಗೆ ಒಂಬತ್ತು ಸಾವಿರ ಇಲ್ಲದಿದ್ದರೆ ಕಂತಿನಲ್ಲಿ ಪೂರ್ತಿ ಕಟ್ಟುತ್ತೇನೆ ಎಂದು ರೂಫರ್ ಜೊತೆ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳುವುದು ನ್ಯಾಯವಾದ ದಾರಿ. ಕೇಳಲು ನಾಚಿಕೆ ಬೇಡ.

‘ಆಂಟಿ, ವಾಟ್ಸ್ಯಾಪ್ ಗುಂಪಿನಲ್ಲಿ ಮೂರು ಜನ ಹಾಗೇ ಮಾಡಿಸಿಕೊಂಡಿದ್ದಾರೆ’ ಎನ್ನುತ್ತೀರಿ. ಮಾಡಿಸಿಕೊಂಡಿರಬಹುದು. ಅಲ್ಲಿ ಬಿಟ್ಟ ಒಂಬತ್ತು ಸಾವಿರ ಎಲ್ಲಿಂದಲೋ ಬರಬೇಕಲ್ಲ? ಕಂಪನಿಗೆ ಹೆಚ್ಚು ತೋರಿಸಿದ ಸುಳ್ಳು ಬಿಲ್ಲಿನಿಂದ, ಇಲ್ಲವೇ ನಿಮ್ಮ ಸೂರಿಗೆ ಹಾಕಿದ ಕಳಪೆ ಫೆಲ್ಟ್, ಕಡಿಮೆ ಮೊಳೆಯಿಂದ. ಗೊತ್ತಿದ್ದೂ ಸುಳ್ಳು ಬಿಲ್ಲು ಕಳಿಸುವುದು ವಿಮಾ ವಂಚನೆ. ವೀಸಾ ರಿನ್ಯೂವಲ್, ಗ್ರೀನ್ ಕಾರ್ಡ್ ಎಂದು ವರ್ಷಗಟ್ಟಲೆ ಕಾಯುತ್ತಿರುವ ನಿಮಗೆ ಆ ಗೊಡವೆ ಏಕೆ? ಗುಂಪಿನಲ್ಲಿ ಇಂಥ ರೂಫರ್ ಹೆಸರು ಹಂಚುವ ಅಭ್ಯಾಸವನ್ನೂ ದಯವಿಟ್ಟು ಬಿಡಿ.

ಕಂಪನಿ ಕಡಿಮೆ ಕೊಟ್ಟಿದೆ ಎನಿಸಿದರೆ ಜಗಳಕ್ಕೆ ನಿಲ್ಲುವ ಮೊದಲು ಅಡ್ಜಸ್ಟರ್‌ನ ಅಂದಾಜಿನ ಪ್ರತಿ ಕೇಳಿ, ರೂಫರ್‌ನ ಅಂದಾಜಿನ ಜೊತೆ ಸಾಲು ಸಾಲಾಗಿ ಹೋಲಿಸಿ. ಬಿಟ್ಟುಹೋದದ್ದು ಕಂಡರೆ ಫೋಟೋ ಇಟ್ಟು ಮರುಪರಿಶೀಲನೆ ಕೇಳಿ. ಅದಕ್ಕೂ ಬಗ್ಗದಿದ್ದರೆ ಟೆಕ್ಸಸ್ ಡಿಪಾರ್ಟ್‌ಮೆಂಟ್ ಆಫ್ ಇನ್ಶೂರೆನ್ಸ್‌ಗೆ ದೂರು ಕೊಡಬಹುದು, ದುಡ್ಡು ಖರ್ಚಿಲ್ಲ.

ಈ ಶನಿವಾರ ಕಾಫಿ ಕುಡಿಯುತ್ತಾ ಆ ಡಿಕ್ಲರೇಷನ್ಸ್ ಪುಟ ತೆಗೆದು ಗುಣಾಕಾರ ಮಾಡಿ. ಉತ್ತರ ನೋಡಿ ಎದೆ ಝಲ್ಲೆಂದರೆ ಸೋಮವಾರವೇ ಏಜೆಂಟ್‌ಗೆ ಫೋನ್ ಮಾಡಿ ಮಾತಾಡಿ, ಟಿವಿಯಲ್ಲಿ ಚಂಡಮಾರುತದ ನಕ್ಷೆ ಬರಲಿ ಎಂದು ಕಾಯಬೇಡಿ. ಬಿರುಗಾಳಿ ಗಲ್ಫ್‌ಗೆ ಕಾಲಿಟ್ಟಿತೆಂದರೆ ಹೊಸ ಪಾಲಿಸಿ ಬರೆಯುವುದನ್ನೂ ಡಿಡಕ್ಟಿಬಲ್ ಬದಲಿಸುವುದನ್ನೂ ಕಂಪನಿಗಳು ನಿಲ್ಲಿಸಿಬಿಡುತ್ತವೆ.